ತುಳಸವ್ವನ ವೇಣಿ

ಅಥಣಿಯ ಆ ಓಣಿಯೊಳಗ ಚಪ್ಪಲಿ ಕೆಲಸಕ್ಕ ಒಂದು ಕಟ್ಟಳೆ ಐತಿ. ಗಂಡಸರು ತೊಗಲು ಕೊಯ್ಯಬೇಕು, ಅಟ್ಟಿ ಹೊಲಿಬೇಕು. ಹೆಂಗಸರು ವೇಣಿ ಹೆಣಿಬೇಕು. ವೇಣಿ ಅಂದ್ರ ಕೊಲ್ಹಾಪುರಿ ಚಪ್ಪಲಿ ಮ್ಯಾಲ ಕೂಡ್ರೂ ತೊಗಲಿನ ಸಣ್ಣ ಜಡಿ. ಯಾರು ಮಾಡಿದ ಕಟ್ಟಳೆನೋ, ಯಾಕ ಮಾಡಿದ್ರೋ, ಕೇಳಿದ್ರ "ಹಿಂದಿನಿಂದ ಹಂಗ ಬಂದೈತಿ" ಅಂತಾರ. ಗಂಡಸು ಯಾವನರ ವೇಣಿಗೆ ಕೈ ಹಚ್ಚಿದ್ನೋ, ಮುಗೀತು ಅವನ ಕಥಿ. ಜಕ್ಕಪ್ಪ ಅನ್ನಾಂವ ಹೆಂಡತಿ ಬಾಣಂತಿ ಇದ್ದಾಗ ಒಂದೆರಡು ಜೋಡಿ ಹೆಣದಿದ್ದ ಪಾಪ. ಆ ಕೂಸು ಈಗ ಮದುವಿಗೆ ಬಂದೈತಿ, ಮಂದಿ ಮಾತ್ರ ಇನ್ನೂ ಅವಗ "ಜಕ್ಕವ್ವಾ" ಅಂತನ ಕರೀತಾರ.

ಆ ಓಣಿಗೆಲ್ಲಾ ಹೆಸರಾದ ವೇಣಿ ತುಳಸವ್ವಂದು. ಕೊಲ್ಹಾಪುರದ ವ್ಯಾಪಾರಿ ಗಂಗಾರಾಮ ಮಾಲು ಒಯ್ಯಾಕ ಬಂದ್ರ ಮೊದಲು ಅವಳ ಮನಿ ಮುಂದ ಗಾಡಿ ನಿಲ್ಲಸ್ತಿದ್ದ. "ತುಳಸವ್ವನ ವೇಣಿ ಐತಿ ಅಂದ್ರ ಗಿರಾಕಿ ಎರಡನೇ ಮಾತಾಡೂದಿಲ್ಲ" ಅಂತಿದ್ದ. ಅದನ್ನ ಕೇಳಿ ಆಕಿ ಸೆರಗು ಸರಿಮಾಡಿಕೊಂಡು "ಅಯ್ಯ, ಸಾಕ ಬಿಡ್ರಿ" ಅಂತಿದ್ಲು. ಬಿಡೂದು ಅವಳಿಗೆ ಬೇಕಾಗಿರಲಿಲ್ಲ ಬಿಡ್ರಿ. ಆ ಮಾತಿನ ಮ್ಯಾಲನ ಆಕಿ ಬದುಕಿದ್ಲು. ಅಕ್ಷರ ಬರೂದಿಲ್ಲ, ಮೈಮ್ಯಾಲ ಬಂಗಾರ ಇಲ್ಲ. ಇದ್ದದ್ದು ಅದೊಂದು ಕೈ.

ಆ ಕೈಗೇ ಬಂತು ನೋಡ್ರಿ. ಮೊದಲು ಮುಂಜಾನೆ ಎದ್ರ ಬಲಗೈ ಜೋಂ ಅಂತಿತ್ತು. ಕೊಡವಿದ್ರ ಸರಿ ಹೋಗ್ತಿತ್ತು. ಆಮ್ಯಾಲ ಕೊಡವಿದ್ರೂ ಹೋಗವಲ್ದು. ಚಾದ ಕಪ್ಪು ಕೈಯಾಗಿಂದ ಜಾರಿ ಬೀಳಾಕ ಹತ್ತಿತು. ಒಂದಿನ ರೊಟ್ಟಿ ಬಡಿವಾಗ ತೋರಬಟ್ಟು ಹಂಚಿಗೆ ಹತ್ತಿ ಬೊಬ್ಬಿ ಎದ್ದರೂ ಅವಳಿಗೆ ಗೊತ್ತಾಗಲಿಲ್ಲ. ಸೊಸಿ ನೀಲಮ ನೋಡಿ ಚೀರಿದ್ಲು.

ಮಿರಜದ ದೊಡ್ಡ ದವಾಖಾನಿಗೆ ಕರಕೊಂಡು ಹೋದ್ರು. ಅಲ್ಲಿ ವೈರ್ ಹಚ್ಚಿ ನೋಡಿ, "ಮಣಿಕಟ್ಟಿನ್ಯಾಗ ನರ ಒತ್ತಿಕೊಂಡೈತಿ, ಕೊಯ್ದು ಸಡ್ಲ ಮಾಡಬೇಕು" ಅಂದ್ರು. ತುಳಸವ್ವ ಚೀಲದಾಗಿಂದ ಒಂದು ಜೋಡಿ ಚಪ್ಪಲಿ ತಗದು ಡಾಕ್ಟರ ಟೇಬಲ್ ಮ್ಯಾಲನ ಇಟ್ಲು. "ಹೋದ ವಾರ ಹೆಣದಿದ್ದರಿ ಇದು. ಕೆಟ್ಟ ಕೈ ಇಂಥಾ ಕೆಲಸ ಮಾಡ್ತೈತೇನ್ರಿ?" ಡಾಕ್ಟರು ಚಪ್ಪಲಿ ನೋಡಿದ್ರು, ಕೈ ನೋಡಿದ್ರು. ಆಪರೇಷನ್ ಬ್ಯಾಡ ಅಂತ ಆಕಿ ಬಸ್ ಹತ್ತಿ ಬಂದಬಿಟ್ಲು. ಗಂಡ ನಾಮದೇವ ದಾರಿ ಉದ್ದಕ್ಕೂ ಒಂದು ಮಾತಾಡಲಿಲ್ಲ. ಆಂವ ಮೊದಲಿಂದ ಮಾತು ಕಡಿಮಿ ಮನಶ್ಯಾ, ಅದಕ್ಕ ಆಕಿಗೆ ಏನೂ ಅನಸಲಿಲ್ಲ.

ಎರಡ್ಸಾವಿರದ ಹದಿನೆಂಟರ ಬ್ಯಾಸಗಿ ಅದು. ಅಥಣಿ ಪ್ಯಾಟಿಯೊಳಗ ಮನೀಷಾ ಅಂತ ಒಬ್ಬ ಡಾಕ್ಟರ್ ಬಾಯಿ ಸೂಜಿ ಚುಚ್ಚಿ ಉಪಚಾರ ಮಾಡ್ತಾಳ ಅಂತ ನೀಲಮ ಕೇಳಿಕೊಂಡು ಬಂದ್ಲು. "ಕೊಯ್ಯೂದಿಲ್ಲ ಅತ್ತಿ, ಬರೇ ಸೂಜಿ" ಅಂದಾಗ ತುಳಸವ್ವ ಒಪ್ಪಿದ್ಲು. ದಬ್ಬಣದಾಗ ಜನುಮ ಕಳದಾಕಿಗೆ ಸೂಜಿ ಏನು ಹೆದರಿಕಿ?

"ಮಾವಶಿ, ಕಣ್ಣ ಮುಚ್ಚರಿ. ನಾ ಯಾವ ಬಟ್ಟು ಮುಟ್ಟೀನಿ ಹೇಳ್ರಿ" ಅಂದ್ಲು ಮನೀಷಾ.

"ನಡುಬಟ್ಟು."

ನೀಲಮ ತುಟಿ ಕಚ್ಚಿಕೊಂಡ್ಲು. ಮುಟ್ಟಿದ್ದು ತೋರಬಟ್ಟು. ಮತ್ತ ಮುಟ್ಟಿದ್ರ ಮತ್ತ ತಪ್ಪು. ಕಣ್ಣ ತಗದಾಗ ತುಳಸವ್ವ ಸಿಟ್ಟಿಗೆದ್ದು, "ನೀವು ಲಗೂ ಲಗೂ ಬಟ್ಟು ಬದಲ ಮಾಡಾಕತ್ತೀರಿ" ಅಂದ್ಲು.

ಮನೀಷಾ ನಗಲಿಲ್ಲ. "ಕೈಯಾಗ ಅಷ್ಟ ಅಲ್ರಿ ಮಾವಶಿ, ತಲಿಯಾಗೂ ಬದಲಾಗೈತಿ. ಮಿದುಳಿನ್ಯಾಗ ಒಂದೊಂದು ಬಟ್ಟಿಗೆ ಒಂದೊಂದು ಜಾಗ ಇರ್ತೈತಿ. ನರದಿಂದ ಸುದ್ದಿ ಸರಿಯಾಗಿ ಬರದಿದ್ರ ಆ ಜಾಗ ಒಂದರಾಗೊಂದು ಬೆರೀತಾವ. ನಿಮ್ಮ ಎರಡು ಬಟ್ಟು ತಲಿಯೊಳಗ ಒಂದಾಗ್ಯಾವ."

"ನನ್ನ ತಲಿ ಸರಿ ಐತ್ರಿ!"

"ಸರಿ ಐತಿ, ಸರಿ ಐತಿ. ಸೂಜಿ ಹಾಕಿಸಿಕೊಂಡವರ ತಲಿ ಫೋಟೋ ತಗದು ಹೊರದೇಶದಾಗ ನೋಡ್ಯಾರ. ಕೈಗೇ ಚುಚ್ಚಿದ್ರ ಆ ಜಾಗ ಮತ್ತ ಬ್ಯಾರೆ ಆಗೂದು ಕಂಡೈತಿ. ಎಲ್ಲಾರಿಗೂ ಹಂಗ ಆಗ್ತೈತಿ ಅಂತ ನಾ ಮಾತು ಕೊಡಾಂಗಿಲ್ಲ." ಆಮ್ಯಾಲ ಹೆಬ್ಬಟ್ಟಿನ ಬುಡ ಒತ್ತಿ ನೋಡಿದ್ಲು. ಅಲ್ಲಿ ಮಾಂಸ ಸೊರಗಿತ್ತು. "ಇದು ತಿರುಗಿ ತುಂಬೂದು ಕಷ್ಟ. ಭಾಳ ತಡಾ ಮಾಡೀರಿ. ಇಂಥಾ ಬಟ್ಟಿಲೆ ವೇಣಿ ಹೆಂಗ ಹೆಣೀತೀರಿ ನೀವು?"

ತುಳಸವ್ವ ಕತ್ತು ಎತ್ತಿ ಹೇಳಿದ್ಲು: "ನನಗ ಗೊತ್ತಿಲ್ದಿದ್ರೂ ನನ್ನ ಕೈಗೆ ಗೊತ್ತಿರ್ತೈತ್ರಿ."

ವಾರಕ್ಕ ಒಂದೆರಡು ಸಲ ಹೋಗಿ ಬಂದ್ಲು. ಮಣಿಕಟ್ಟಿನ ಸುತ್ತ ಕೂದಲಿನಂಥಾ ಸೂಜಿ ಚುಚ್ಚಿ, ಸಣ್ಣಗೆ ಕರೆಂಟ್ ಕೊಟ್ಟು ಕೂಡಸ್ತಿದ್ರು. ಹೆಣಿಯೂದು, ಅಡಿಗಿ ಬಿಟ್ರ ಉಳಿದ ಹೊತ್ತಿನ್ಯಾಗ ಕೈಗೆ ಪಟ್ಟಿ. ಸ್ವಲ್ಪ ದಿನ ಏನೂ ಆಗಲಿಲ್ಲ. ಓಣಿ ಮಂದಿ, "ಸೂಜಿಲೆ ಯಾರ ಕೈ ನೆಟ್ಟಗಾಗೈತಿ ಬೇ" ಅಂತ ಆಡಿಕೊಂಡ್ರು. ಆಕಿ ಹಟ ಹಿಡಿದು ಹೋದ್ಲು. ಒಂದಿನ ಜೋಳದ ಹಿಟ್ಟು ಕಲಸೂವಾಗ ತೋರಬಟ್ಟಿಗೆ ಏನೋ ಚುರ್ ಅಂತು. ತಗದು ನೋಡಿದ್ರ ಹಿಟ್ಟಿನ್ಯಾಗ ಒಂದು ಸಣ್ಣ ಕಲ್ಲಿನ ಹಳ್ಳು. ಆ ಹಳ್ಳು ಅಂಗೈಯಾಗ ಇಟಗೊಂಡು ತುಳಸವ್ವ ಒಲಿ ಮುಂದ ಕುಂತು ಅತ್ಲು. ಒಂದು ಹಳ್ಳಿನ ಸಲುವಾಗಿ ಅಳೂ ಹೆಂಗಸನ್ನ ನೀಲಮ ಮೊದಲನೇ ಸಲ ನೋಡಿದ್ಲು.

ಅವತ್ತ ಮಧ್ಯಾಹ್ನ ಆಕಿ ಗಂಗಾರಾಮಗ ಕೊಡಾಕ ಇಟ್ಟಿದ್ದ ಜೋಡಿಗಳನ್ನ ಒಂದೊಂದಾಗಿ ತಗೊಂಡು, ತನ್ನ ಕೆಲಸದ ಮ್ಯಾಲ ಬಟ್ಟು ಆಡಿಸಿದ್ಲು. ಎಷ್ಟು ದಿನ ಆಗಿತ್ತು ಹಂಗ ಮುಟ್ಟಿ! ಕಣ್ಣಿಗೆ ಎಲ್ಲಾ ಚೆಂದ ಇತ್ತು. ಬಟ್ಟು ಮಾತ್ರ ಅಲ್ಲೇ ನಿಂತು ಬಿಡ್ತು. ಈ ವೇಣಿ ಬಿಗಿ ಆಗೈತಿ. ಹೆಂಗಸು ತೊಗಲಿನ ಎಳಿಯನ್ನ ಒಂದಿಷ್ಟು ಸಡ್ಲ ಬಿಟ್ಟು ಹೆಣೀತಾಳ, ಉಸಿರಾಡಾಕ ಜಾಗ ಬಿಡ್ತಾಳ. ಇದನ್ನ ಯಾರೋ ಅಟ್ಟಿ ಹೊಲಿಯೂ ಕೈಯಿಂದ ಜಗ್ಗಿ ಜಗ್ಗಿ ಎಳದಾರ. ಮತ್ತೊಂದು ಜೋಡಿ ನೋಡಿದ್ಲು. ಅದೂ ಹಂಗ. ಬುಟ್ಟಿ ತಳಕ್ಕಿದ್ದದ್ದನ್ನೂ ನೋಡಿದ್ಲು. ಒಂದೂ ಅವಳದಲ್ಲ.

ಜೋಡಿಗಳನ್ನ ಮತ್ತ ಬುಟ್ಟಿಯಾಗ ಇದ್ದಂಗ ಇಟ್ಲು. ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ದವಾಖಾನಿಗೆ ಹೊಂಟಂಗ ಮಾಡಿ, ಮೂಲಿ ತನಕ ಹೋಗಿ ತಿರುಗಿ ಬಂದ್ಲು. ಹಿತ್ತಲ ಬಾಗಿಲದಾಗಿಂದ ಬಗ್ಗಿ ನೋಡಿದ್ರ ಜ್ವಾಳದ ಚೀಲದ ಹಿಂದ ನಾಮದೇವ ಕುಂತಾನ. ಮೂಗಿನ ಮ್ಯಾಲ ಚಾಳೀಸ, ಬಾಯಿ ಅರ್ಧ ತಗದೈತಿ. ಹಿಂದಿನ ದಿನ ಆಕಿ ಹೆಣದಿಟ್ಟದ್ದನ್ನ ಎಳಿ ಎಳಿ ಬಿಚ್ಚಾಕತ್ತಾನ. ಅರ್ಧ ಬಿಚ್ಚಿದ ವೇಣಿಯಾಗ ಎಳಿ ಕೆಲವು ತೊಗಲಿನ ನುಣುಪು ಮುಖಾ ಮ್ಯಾಲ ಮಾಡಿ, ಕೆಲವು ಒರಟು ಬೆನ್ನ ಮ್ಯಾಲ ಮಾಡಿ ಕುಂತಿದ್ವು. ಎಂಥಾ ಗಲೀಜ ಕೆಲಸ! ಹೆಣಿವಾಗ ಕೈ ನಂಬಿ ಕಣ್ಣ ಹಾಕದಾಕಿಗೆ ಅದು ತನ್ನದ ಅಂತ ನಂಬಾಕ ಆಗಲಿಲ್ಲ.

"ಎಷ್ಟ ದಿನದಿಂದ?" ಅಂದ್ಲು.

ನಾಮದೇವ ಕಳ್ಳ ಸಿಕ್ಕಂಗ ಎದ್ದು ನಿಂತ. ಕೈಯಾಗಿನ ಎಳಿ ಹಿಂದ ಮುಚ್ಚಿಕೊಂಡ. ಆಮ್ಯಾಲ, "ಹೋದ ದೀಪಾವಳಿಯಿಂದ" ಅಂದ. "ಗಂಗಾರಾಮ ಒಂದು ಗಂಟು ಮಾಲು ತಿರುಗಿ ಕೊಟ್ಟ. ತುಳಸವ್ವಗ ಏನಾಗೈತಿ ಅಂತ ಕೇಳಿದ. ನಿನಗ ಹೇಳಬೇಕಂತ ಮನಿಗೆ ಬಂದ್ನಿ. ನೀ ಹಾಡ ಅನಕೋಂತ ಹೆಣಿಯಾಕತ್ತಿದ್ದಿ. ಬಾಯೇ ಬರಲಿಲ್ಲ ನನಗ."

"ಮಿರಜದಾಗ ಡಾಕ್ಟರ್ ಟೇಬಲ್ ಮ್ಯಾಲ ಇಟ್ಟದ್ದು?"

ಆಂವ ತಲಿ ತಗ್ಗಿಸಿದ.

"ಅಯ್ಯ ನಿಮ್ಮ! ಅವತ್ತ ಒಂದು ಮಾತ ಹೇಳಿದ್ರ ಅಲ್ಲೇ ಹೂಂ ಅಂತಿದ್ನಲ್ಲರೀ! ನೋಡ್ರಿ ಇದನ್ನ." ಸೊರಗಿದ ಹೆಬ್ಬಟ್ಟಿನ ಬುಡ ಅವನ ಮುಖದ ಮುಂದ ಹಿಡದ್ಲು. "ಇದು ಇನ್ನ ಬರೂದಿಲ್ಲಂತ. ನೀವು ನನ್ನ ಮರ್ಯಾದಿ ಉಳಸಾಕ ಹೋಗಿ ನನ್ನ ಕೈ ಕಳದ್ರಿ."

ನಾಮದೇವ ಅಳಾಕ ಹತ್ತಿದ. ಮಗ ಹುಟ್ಟಿದಾಗ ಅಳದಾಂವ, ಅಪ್ಪ ಸತ್ತಾಗ ಅಳದಾಂವ, ಜ್ವಾಳದ ಚೀಲ ಹಿಡಕೊಂಡು ಅತ್ತ. ಅವನ್ನ ಹೊಡದ್ರ ಸಮಾಧಾನ ಆದೀತು ಅಂತ ಆಕಿಗೆ ಅನಸ್ತು. ಅದರ ಸಂಗಾಟ, ಇಷ್ಟು ತಿಂಗಳು ಓಣಿ ಮಂದಿಗೆ ಹೆದರಿ, ಚೀಲದ ಮರಿಗೆ ಕುಂತು, ಬರಲಾರದ ಕೆಲಸ ಕಲ್ತ ಈ ಮುದುಕನ್ನ ನೋಡಿ ಅಯ್ಯೋ ಪಾಪ ಅಂತಾನೂ ಅನಸ್ತು. ಎರಡೂ ಖರೇನ. ಆಕಿ ಹೊಡಿಯಲಿಲ್ಲ, ಸಮಾಧಾನಾನೂ ಮಾಡಲಿಲ್ಲ. ದವಾಖಾನಿಗೆ ಹೊತ್ತಾಗಿತ್ತು, ಹೋದ್ಲು.

ಎರಡು ದಿನ ಇಬ್ಬರ ನಡುವ ಮಾತಿಲ್ಲ. ಮೂರನೇ ದಿನ ಗಂಗಾರಾಮನ ಗಾಡಿ ಬಂತು. ಬಾಜೂ ಮನಿ ಅಕ್ಕವ್ವ, ಇನ್ನ ನಾಕು ಹೆಂಗಸರು ಕಟ್ಟಿ ಮ್ಯಾಲ ಹೆಣಿಯಾಕತ್ತಿದ್ರು. ಗಂಗಾರಾಮ ಒಂದು ಜೋಡಿ ಎತ್ತಿ ಎಲ್ಲಾರಿಗೂ ಕಾಣೂಹಂಗ ಹಿಡದ.

"ನೋಡ್ರಿ, ಕಲೀರಿ. ಇದು ತುಳಸವ್ವನ ಕೈ!"

ತುಳಸವ್ವ ಸುಮ್ಮನಿದ್ರ ಆ ಹೆಸರು ಹಂಗ ಉಳೀತಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ, ನಾಮದೇವ ಸತ್ರೂ ಬಾಯಿ ಬಿಡ್ತಿರಲಿಲ್ಲ. ಆಂವ ಬಾಗಿಲದಾಗ ನಿಂತು, ರಂಪಿಗಿ ಅನ್ನೂ ತೊಗಲು ಕೊಯ್ಯೂ ಕತ್ತಿ ಒರಸಿಕೋಂತ, ಇವಳ ಮುಖಾನ ನೋಡಾಕತ್ತಿದ್ದ.

"ನನ್ನ ಕೈ ಅಲ್ರಿ ಅದು" ಅಂದ್ಲು. "ಹೋದ ದೀಪಾವಳಿಯಿಂದ ನನ್ನ ಕೈ ಬಂದ್ ಬಿದ್ದೈತಿ. ಇವನ್ನೆಲ್ಲಾ ನನ್ನ ಗಂಡ ಹೆಣದಾರ."

ಕಟ್ಟಿ ಮ್ಯಾಲಿನ ಕೈ ಎಲ್ಲಾ ನಿಂತುವು. ಅಕ್ಕವ್ವ ಸೆರಗು ಬಾಯಿಗೆ ಹಚ್ಚಿ ಕಿಸಕ್ ಅಂದ್ಲು. "ಅವ್ವಾ! ನಾಮದೇವಣ್ಣಾ, ನಾಳೆ ಕುಪ್ಪಸಾನೂ ಹೊಲಿಸಿಕೋತಿಯೇನೋ?"

ನಾಮದೇವ ಒಳಗ ಓಡಾಕ ತಿರುಗಿದ. ತುಳಸವ್ವ ಆ ಪಟ್ಟಿ ಕಟ್ಟಿದ ಕೈಯಿಂದಲೇ ಅವನ ಅಂಗಿ ಹಿಡದ್ಲು. ಹಿಡಿತ ಗಟ್ಟಿ ಇರಲಿಲ್ಲ, ಆಂವ ಕೊಸರಿದ್ರ ಬಿಟ್ಟ ಹೋಗ್ತಿತ್ತು. ಆಂವ ಕೊಸರಲಿಲ್ಲ.

"ನಗ್ರಿ, ಎಷ್ಟ ನಗ್ತೀರಿ ನಗ್ರಿ" ಅಂದ್ಲು ಹೆಂಗಸರಿಗೆ. ಆಮ್ಯಾಲ ಗಂಗಾರಾಮನ ಕಡೆ ತಿರುಗಿ, "ಒಯ್ತೀರೋ ಇಲ್ಲೋ ನಿಮ್ಮ ಖುಷಿ. ಜರಾ ಬಿಗಿ ಎಳೀತಾರ, ನಾ ಹೇಳಿಕೊಡ್ತೀನಿ" ಅಂದ್ಲು.

ಆಕಿ ಕಟ್ಟಿ ಮ್ಯಾಲ ತನ್ನ ಜಾಗದಾಗ ಕುಂತು, ಬಾಜೂಕ ಇನ್ನೊಬ್ಬರು ಕೂಡ್ರೂವಷ್ಟು ಸರದ್ಲು. ನಾಮದೇವ ಬಿಸಲಾಗ ಬಂದು, ಅಷ್ಟು ಹೆಂಗಸರ ನಡುವ, ಅವಳ ಮಗ್ಗಲಕ್ಕ ಕುಂತ.