ನಡುಗಡ್ಡೆಯ ಆ ಬದಿ

ಹೂಡಿ ಬಡಾವಣೆಯ ಹಿಂದಿನ ಕೆರೆಯ ದಂಡೆಯಲ್ಲಿ ಸುಬ್ಬಲಕ್ಷ್ಮಿಯವರು ದಿನಾ ಬೆಳಿಗ್ಗೆ ಗಂಡನ ಜೊತೆ ನಡೆಯುತ್ತಿದ್ದರು. ಆ ದಾರಿ ಕೆರೆಯನ್ನು ಪೂರ್ತಿ ಸುತ್ತುವುದಿಲ್ಲ; ಟೆಕ್ ಪಾರ್ಕಿನ ಕಾಂಪೌಂಡು ಸಿಕ್ಕಿದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಕೆರೆಯ ಮಧ್ಯದ ನಡುಗಡ್ಡೆಯ ಒಂದು ಮೈ ಮಾತ್ರ ಕಾಣುತ್ತಿತ್ತು. ದೊಡ್ಡ ದೊಡ್ಡ ಹಕ್ಕಿಗಳು ಹಾರಿಬಂದು ಅದರ ಹಿಂದೆ ಇಳಿದು ಮರೆಯಾಗುತ್ತಿದ್ದವು. ಅಲ್ಲಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು, ಯಾರೋ ತುಕ್ಕು ಹಿಡಿದ ಗೇಟನ್ನು ಪದೇಪದೇ ಎಳೆದ ಹಾಗೆ.

“ಏನಿರಬಹುದು ರೀ ಆ ಕಡೆ?”

“ಈ ಕಡೆ ಇರೋದೇ ಕಣೆ. ಮರ, ನೀರು,” ಎಂದು ರಾಮಪ್ರಸಾದರು ನಡಿಗೆ ನಿಲ್ಲಿಸದೆಯೇ ಹೇಳುತ್ತಿದ್ದರು.

ಸುಬ್ಬಲಕ್ಷ್ಮಿಯವರಿಗೆ ಅಷ್ಟು ಉತ್ತರ ಸಾಲದು. ಟೆಲಿಫೋನ್ ಕಾರ್ಖಾನೆಯಲ್ಲಿದ್ದಾಗಲೂ ಅಷ್ಟೇ, ಫೋನಿನೊಳಗೆ ಗೊರಗೊರ ಸದ್ದು ಕೇಳಿಸಿದರೆ ಬಿಚ್ಚಿ ನೋಡದೆ ಬಿಟ್ಟವರಲ್ಲ. ಹೀಗಾಗಿ ಒಂದು ಭಾನುವಾರ ಕೆರೆಯನ್ನು ನೋಡಿಕೊಳ್ಳುವ ಬಳಗದವರು ದಂಡೆಗೆ ಕಯಾಕ್ ಎಂಬ ಕಿರಿದಾದ ದೋಣಿಗಳನ್ನು ತಂದು, ಬೇಕಾದವರು ಕೂರಬಹುದು ಎಂದಾಗ ಮೊದಲು ಮುಂದೆ ಬಂದವರು ಅವರೇ.

“ನಿಂಗೇನು ತಲೆ ಕೆಟ್ಟಿದೆಯಾ? ಈಜು ಬರಲ್ಲ, ಮಂಡಿ ಬೇರೆ ನೋವು!”

“ಮಂಡೀಲಿ ಹುಟ್ಟು ಹಾಕ್ತಾರೇನ್ರೀ?” ಎನ್ನುತ್ತಾ ಅವರು ಲೈಫ್ ಜಾಕೆಟ್ ತೊಟ್ಟು, ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡರು.

ದೋಣಿ ನಡೆಸಲು ಕಲಿಸುವ ಹುಡುಗಿ ಶಾಂಭವಿ. ಆಲಮಟ್ಟಿ ಹಿನ್ನೀರಿನ ಕಡೆಯವಳು. “ಹಗೂರಕ ಕುಂದರ್ರಿ ಅಮ್ಮಾ. ಹೆದರಬ್ಯಾಡ್ರಿ, ನಾ ಹಿಂದ ಅದೀನಿ,” ಎಂದಳು. ಕಯಾಕ್ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿತು. ಸುಬ್ಬಲಕ್ಷ್ಮಿಯವರು ಹುಟ್ಟನ್ನು ಅವುಚಿ ಹಿಡಿದರು. ಹತ್ತು ಹುಟ್ಟು ಹಾಕುವಷ್ಟರಲ್ಲಿ ಭಯ ಮರೆತುಹೋಯಿತು; ದಂಡೆ, ಗಂಡ, ಗಾಜಿನ ಕಟ್ಟಡಗಳೆಲ್ಲ ಹಿಂದೆ ಸರಿಯತೊಡಗಿದವು.

ನಡುಗಡ್ಡೆಯನ್ನು ದೂರದಿಂದಲೇ ಬಳಸಿ ಬರಬೇಕೆಂದು ಶಾಂಭವಿ ಮೊದಲೇ ಹೇಳಿದ್ದಳು. ಹತ್ತಿರ ಹೋದರೆ ಹಕ್ಕಿಗಳು ಗೂಡು ಬಿಟ್ಟು ಏಳುತ್ತವಂತೆ. ಆದರೆ ತಿರುವಿನಲ್ಲಿ ಜೋರಾಗಿ ಗಾಳಿ ಬೀಸಿ ಕಯಾಕನ್ನು ನೀರ ಮೇಲೆ ತೇಲುವ ಅಂತರಗಂಗೆ ಗಿಡಗಳ ರಾಶಿಯೊಳಕ್ಕೆ ನೂಕಿತು. ಹುಟ್ಟು ಎಲೆಗಳಿಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

“ಗಾಳಿ ನಿಲ್ಲೂತನಕ ಸುಮ್ನ ಕೂಡೂಣ್ರಿ. ಬಡಿದಾಡಿದ್ರ ಹಕ್ಕಿ ಅಂಜತಾವು,” ಎಂದಳು ಶಾಂಭವಿ ಪಿಸುದನಿಯಲ್ಲಿ.

ಕೂತರು. ಅಷ್ಟರಲ್ಲಿ ಪಕ್ಕದಲ್ಲೇ ನೀರು ಸೀಳಿ ಒಂದು ಹಾವು ತಲೆಯೆತ್ತಿತು. ಸುಬ್ಬಲಕ್ಷ್ಮಿಯವರು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. ಆ ಕುತ್ತಿಗೆ ಮೇಲೇರುತ್ತಲೇ ಹೋಗಿ, ಅದರ ಹಿಂದೆ ಕಪ್ಪು ಬೆನ್ನೊಂದು ತೇಲಿ ಬಂತು. ಹಾವಲ್ಲ, ಹಕ್ಕಿ! ಚೂಪು ಕೊಕ್ಕಿಗೆ ಮೀನೊಂದು ಚುಚ್ಚಿಕೊಂಡಿತ್ತು. ಹಕ್ಕಿ ಅದನ್ನು ಮೇಲಕ್ಕೆಸೆದು, ಬಾಯಲ್ಲಿ ಹಿಡಿದು, ಗುಳುಂ ಎಂದು ನುಂಗಿತು.

“ಹಾವಕ್ಕಿ ಅಂತಾರ ಇದಕ್ಕ,” ಎಂದು ಶಾಂಭವಿ ನಕ್ಕಳು. “ಮೊದಲ ಸಲ ನಾನೂ ಚೀರಿದ್ದೆ.”

ಆಗ ಮತ್ತೆ ಆ ಗೇಟಿನ ಸದ್ದು. ಸುಬ್ಬಲಕ್ಷ್ಮಿಯವರು ತಲೆಯೆತ್ತಿ ನೋಡಿದರು. ಈ ಬದಿಯ ಮರಗಳೆಲ್ಲ ಹಿಕ್ಕೆ ಬಿದ್ದು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಕೊಂಬೆಕೊಂಬೆಗೂ ಗೂಡು. ಪೆಲಿಕನ್ ಎನ್ನುವ ಹೆಜ್ಜಾರ್ಲೆಯೊಂದು ದೊಪ್ಪನೆ ಬಂದಿಳಿದದ್ದೇ ತಡ, ಮರಿಗಳು ಕಿರ್ರೋ ಎಂದು ಅರಚುತ್ತಾ ಮೇಲೆ ಬಿದ್ದವು. ಇಷ್ಟು ದಿನ ಕೇಳಿದ ಸದ್ದು ಹಸಿದ ಮರಿಗಳದ್ದು! ಒಂದು ಮರಿಯಂತೂ ತಾಯಿಯ ಕೊಕ್ಕಿನ ಚೀಲದೊಳಗೆ ಇಡೀ ತಲೆಯನ್ನೇ ತೂರಿಸಿತು.

ಗಾಳಿ ತಗ್ಗಿತು. ಇಬ್ಬರೂ ಎಲೆಗಳನ್ನು ಕೈಯಿಂದಲೇ ಸರಿಸುತ್ತಾ ಮೆಲ್ಲಗೆ ಹೊರಬಂದರು. ದಂಡೆಯಲ್ಲಿ ರಾಮಪ್ರಸಾದರು ನೀರಿನಂಚಿಗೇ ಬಂದು ನಿಂತಿದ್ದರು.

“ಎಲ್ಲಿ ಹೋಗಿದ್ದೆ? ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು!”

ಸುಬ್ಬಲಕ್ಷ್ಮಿಯವರು ಗಂಡನ ಕೈಹಿಡಿದು ಇಳಿಯುತ್ತಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಗಂಡನ ಸಿಟ್ಟು ಹಾವಕ್ಕಿಯ ಹೊತ್ತಿಗೆ ಸಡಿಲಾಗಿ, ಹೆಜ್ಜಾರ್ಲೆಯ ಹೊತ್ತಿಗೆ ಇಳಿದೇ ಹೋಯಿತು.

“ತಲೆ ಪೂರ್ತಿ ಒಳಗಿಟ್ರೆ ಮರಿ ಉಸಿರಾಡೋದು ಹೇಗೆ?”

“ಗೊತ್ತಿಲ್ಲ ಕಣ್ರೀ.”

ಇಬ್ಬರೂ ಶಾಂಭವಿಯತ್ತ ನೋಡಿದರು. ಅವಳಿಗೂ ಗೊತ್ತಿರಲಿಲ್ಲ. ರಾಮಪ್ರಸಾದರು ನಡುಗಡ್ಡೆಯತ್ತ ತಿರುಗಿ ದಿಟ್ಟಿಸಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, “ಇದು ನೀರಿಗೆ ಬೀಳದ ಹಾಗೆ ಕಟ್ಟೋಕೆ ಒಂದು ದಾರ ಸಿಗುತ್ತೇನಮ್ಮಾ?” ಎಂದು ಕೇಳಿದರು.