ಕೊಳ್ಳಿ ಇಟ್ಟ ಕೈಗೆ ಕೋಲು

ವಿಘ್ನೇಶ್ವರನ್ ಹದಿನೇಳು ವರ್ಷದಿಂದ ದಿಂಡುಗಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಮಾಡುತ್ತಿದ್ದ. ಎಲ್ಲ ಪಾಠಗಳಲ್ಲೂ ಅವನಿಗೆ ಬಾಯಿ ಚಪ್ಪರಿಸುವಷ್ಟು ಇಷ್ಟವಾದದ್ದು ವಿಲಿಯಂ ರಾಜನ ಮಕ್ಕಳದ್ದು. ಹಿರಿಯವನು ರಾಬರ್ಟ್, ಧರ್ಮಯುದ್ಧಕ್ಕೆಂದು ಹೋದವನು ಇನ್ನೂ ಮನೆ ಮುಟ್ಟಿಲ್ಲ. ಪಟ್ಟದಲ್ಲಿದ್ದ ತಮ್ಮ ರೂಫಸ್ ಬೇಟೆಗೆ ಹೋದಲ್ಲಿ ಬಾಣ ತಗುಲಿ ಸತ್ತ. ಎಲ್ಲರಿಗಿಂತ ಕಿರಿಯ ಹೆನ್ರಿ ಅದೇ ಕಾಡಿನಲ್ಲಿದ್ದ. ಅವನು ಹೆಣದ ಪಕ್ಕ ಕೂತು ಅಳುತ್ತಾ ಹೊತ್ತು ಕಳೆಯಲಿಲ್ಲ. ಕುದುರೆ ಹತ್ತಿ ಓಡಿದ, ಮೂರೇ ದಿನಕ್ಕೆ ಕಿರೀಟ ಇಟ್ಟುಕೊಂಡ. ಆಮೇಲೆ ಅಣ್ಣ ರಾಬರ್ಟನನ್ನು ಹಿಡಿದು ಸಾಯುವ ತನಕ ಸೆರೆಯಲ್ಲಿ ಇಟ್ಟ. "ಸಾರ್, ಇದು ಅನ್ಯಾಯ ಅಲ್ಲವಾ?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. "ಸಿಂಹಾಸನಕ್ಕೆ ನ್ಯಾಯ ಗೊತ್ತಿಲ್ಲಮ್ಮ, ಹತ್ತಿರ ಯಾರಿದ್ದಾರೆ ಅನ್ನೋದು ಗೊತ್ತು" ಎಂದು ಇವನು ಪ್ರತಿ ವರ್ಷವೂ ಅದನ್ನೇ ಹೇಳಿ, ತನ್ನ ಮಾತಿಗೆ ತಾನೇ ಮೆಚ್ಚಿ ಕೈಯ ಸೀಮೆಸುಣ್ಣದ ಧೂಳು ಕೊಡವಿಕೊಳ್ಳುತ್ತಿದ್ದ. ಮೇಷ್ಟರ ಪಾಠ ಮಕ್ಕಳ ತಲೆಗೆ ಹತ್ತದಿದ್ದರೂ ಮೇಷ್ಟರ ತಲೆಗೆ ಹತ್ತುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಅವನ ಹುಟ್ಟೂರು ತೇವಾರಂ ಹತ್ತಿರ ಬೆಟ್ಟದ ಬುಡದಲ್ಲಿರುವ ಆವಿನಪಟ್ಟಿ. ಊರಿನ ಕನ್ನಡದವರೆಲ್ಲ ಸೇರಿ ತಲೆತಲಾಂತರದಿಂದ ದೇವರ ಹೆಸರಲ್ಲಿ ಇನ್ನೂರು ಹಸುಗಳ ಒಂದು ಮಂದೆ ಸಾಕುತ್ತಾರೆ. ಅದಕ್ಕೆ ದೇವರ ಆವು ಅಂತ ಹೆಸರು. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ, ಮಂದೆ ಕಾಯುವವನು ಪಟ್ಟಗಾರ. ಅವನಿಗೆ ಸಂಬಳ ಇಲ್ಲ, ಸೌಕರ್ಯ ಇಲ್ಲ. ಇರುವುದು ಹಿತ್ತಾಳೆ ಕಟ್ಟು ಹಾಕಿದ ಒಂದು ಬಿದಿರು ಕೋಲು ಮಾತ್ರ. ಆದರೆ ಆ ಕೋಲು ಹಿಡಿದವನು ಬೀದಿಗೆ ಬಂದರೆ ಜಗಲಿಯ ಮೇಲಿದ್ದ ಮುದುಕರೂ ಎದ್ದು ನಿಲ್ಲುತ್ತಾರೆ. ಅವನು ಬಂದು ಕೂರದೆ ಯಾರ ಮನೆಯಲ್ಲೂ ಮದುವೆಯ ವೀಳ್ಯ ಎತ್ತುವುದಿಲ್ಲ.

ಅವರಪ್ಪ ಆಂಡಿ ಗೌಡರು ನಲವತ್ತು ವರ್ಷ ಪಟ್ಟಗಾರರಾಗಿದ್ದವರು. ವಿಘ್ನೇಶ್ವರನಿಗೆ ಎಂಟು ವರ್ಷವಿದ್ದಾಗ ಒಂದು ದಿನ ಆಸೆಪಟ್ಟು ಆ ಕೋಲು ಹಿಡಿದುಕೊಂಡು ಅಂಗಳದಲ್ಲಿ ಮೆರೆದಿದ್ದ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮೆಲ್ಲಗೆ ಬಿಡಿಸಿಕೊಂಡು ಅಣ್ಣ ಮುತ್ತುಕುಮಾರನ ಕೈಗೆ ಕೊಟ್ಟು, "ನೀ ಓದ್ಕೋ ಹೋಗ್ಲಾ" ಅಂದರು. ಹೊಡೆದಿದ್ದರೆ ಮರೆಯುತ್ತಿದ್ದನೋ ಏನೋ. ಓದಿದ, ಡಾಕ್ಟರೇಟು ಮಾಡಿದ, ದಿಂಡುಗಲ್ಲಿನಲ್ಲಿ ಸಾರ್ ಆದ. ಊರಿಗೆ ಬಂದರೆ ಮಾತ್ರ ಇವತ್ತಿಗೂ ಚಿಕ್ಕವನೇ. ಜಗಲಿಯ ಮೇಲೆ ಯಾರೂ ಸರಿದು ಜಾಗ ಕೊಡುತ್ತಿರಲಿಲ್ಲ. ನಲವತ್ತೆರಡು ವರ್ಷದ ಗಂಡಸಿಗೆ ಇದೇನು ಕೊರಗು ಅಂತ ನೀವು ನಗಬಹುದು. ನಗಿ. ಅವನಿಗಂತೂ ಅದು ಹೊಟ್ಟೆಯಲ್ಲಿ ಕೂತ ಮುಳ್ಳು.

ಈ ಸಲ ಪಳನಿಯ ತೈಪೂಸದ ಜಾತ್ರೆಗೆ ಐದು ದಿನ ಇರುವಾಗ ಅಪ್ಪನ ಉಸಿರು ಏರಿಳಿಯತೊಡಗಿತು. ಅಣ್ಣ ಊರಲ್ಲಿರಲಿಲ್ಲ. ಹಿಂದೆ ಪಟ್ಟದ ಹೋರಿ ಕಾಲುಬಾಯಿ ಬೇನೆ ಬಿದ್ದು ನೆಲ ಹಿಡಿದಾಗ, ಹೋರಿ ಎದ್ದರೆ ಮೂರು ವರ್ಷ ಪ್ರತಿ ತೈಪೂಸಕ್ಕೂ ದಾರಿಯುದ್ದ ಮಾತಾಡದೆ ಪಳನಿಗೆ ನಡೆದು ಬರುತ್ತೇನೆ ಅಂತ ಮುತ್ತುಕುಮಾರ್ ಹರಕೆ ಹೊತ್ತಿದ್ದ. ಹೋರಿ ಎದ್ದಿತು. ಇದು ಮೂರನೇ ವರ್ಷ, ಕೊನೆಯ ನಡಿಗೆ. ಮೌನ ವ್ರತದವನು ಫೋನು ಇಟ್ಟುಕೊಂಡು ಏನು ಮಾಡುತ್ತಾನೆ? ಮನೆಯಲ್ಲೇ ಬಿಟ್ಟು ಹೋಗಿದ್ದ. ರಜೆ ಹಾಕಿ ಬಂದ ವಿಘ್ನೇಶ್ವರನ್ ಅಪ್ಪನ ಮಂಚದ ಪಕ್ಕ ಕೂರುತ್ತಿದ್ದ, ಏಳುತ್ತಿದ್ದ, ಬಾಗಿಲ ತನಕ ಹೋಗಿ ಬರುತ್ತಿದ್ದ.

ಬೆಳಗಿನ ಆರರ ಹೊತ್ತಿಗೆ ಅವ್ವ ಮೂಕಮ್ಮಾಳ್ ನೀರು ಕಾಯಿಸಲು ಒಳಗೆ ಹೋದಾಗ ಅಪ್ಪ ಕಣ್ಣು ಬಿಟ್ಟರು. ಚಿಕ್ಕ ಮಗನ ಮಣಿಕಟ್ಟು ಹಿಡಿದರು. "ಪೆರಿಯವ ಬರ್ಲಿ. ಕೋಲು ಅವನ ಕೈಗೆ ಕೊಡು" ಅಂದರು. ಪೆರಿಯವ ಅಂದರೆ ದೊಡ್ಡವನು. ಅಷ್ಟು ಹೇಳಿ ಹೋಗಿಬಿಟ್ಟರು.

ಆ ಮಾತು ಕೇಳಿದವನು ಅವನೊಬ್ಬನೇ.

ಊರ ಹಿರಿಯ ತಂಗವೇಲ್ ಗೌಡರು ಬಂದರು. ಬಂದವರು ಮೊದಲು ಕೇಳಿದ್ದೇ, "ಕೋಲಿನ ವಿಸ್ಯ ಏನಾರ ಹೇಳಿದ್ನಾ?" ಅಂತ. ಅದು ಆ ಊರಿನ ಕಟ್ಟು: ಪಟ್ಟಗಾರ ಸಾಯುವಾಗ ಯಾರ ಹೆಸರು ಹೇಳುತ್ತಾನೋ ಅವನಿಗೆ ಕೋಲು. ಏನೂ ಹೇಳದೆ ಸತ್ತರೆ, ಚಿತೆಗೆ ಕೊಳ್ಳಿ ಇಟ್ಟ ಮಗನಿಗೆ.

"ಇಲ್ಲ ಮಾಮ. ಮಾತು ನಿಂತೋಗಿತ್ತು" ಅಂದ ವಿಘ್ನೇಶ್ವರನ್. ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ. ಒಂದು ನಿಮಿಷ ತಡೆದು ಹೇಳೋಣ, ಎಲ್ಲರೂ ಬರಲಿ, ಅಂದುಕೊಂಡ. ಆದರೆ ಇಲ್ಲ ಅಂದ ಮಾತನ್ನು ಹೌದು ಮಾಡಲು ಒಂದು ನಿಮಿಷ ಆದಮೇಲೆ ಎರಡರಷ್ಟು ಧೈರ್ಯ ಬೇಕು, ಹತ್ತು ನಿಮಿಷ ಆದಮೇಲೆ ಇಪ್ಪತ್ತರಷ್ಟು.

"ಹಂಗಾರೆ ಬೈಕ್ ತಗೊಂಡು ಹೋಗು. ವತ್ತಲಗುಂಡು ದಾರೀಲೇ ನಡೀತಿರ್ತಾನೆ. ಸಾಯಂಕಾಲದ ಗಂಟ ಹೆಣ ಇಟ್ಟಿರ್ತೀವಿ. ಹುಷಾರಾಗಿ ಹೇಳು, ಕಿವಿಗೆ ಬಿದ್ದ ಕೂಡ್ಲೇ ಸೂತಕ. ಅಲ್ಲೇ ವ್ರತದ ಮಾಲೆ ತೆಗೆದು ಹಿಂದೆ ಕೂರಿಸ್ಕೊಂಡು ಬಾ" ಅಂದರು ತಂಗವೇಲ್ ಗೌಡರು.

ವಿಘ್ನೇಶ್ವರನ್ ಅಣ್ಣನ ಬೈಕೇ ತೆಗೆದುಕೊಂಡು ಹೊರಟ. ಅಣ್ಣನನ್ನು ಕರೆತರಲೆಂದೇ ಹೊರಟ, ಅದು ಸುಳ್ಳಲ್ಲ. ಚಿನ್ನಮನೂರು ದಾಟುವ ತನಕ ಅಪ್ಪನಿಗಾಗಿ ಅತ್ತ. ತೇನಿ ದಾಟಿದ ಮೇಲೆ ಅಣ್ಣನಿಗೆ ಹೇಗೆ ಹೇಳುವುದು ಅಂತ ಯೋಚಿಸಿದ. ಪೆರಿಯಕುಳಂ ದಾಟುವಾಗ ಮಾತ್ರ ಹೆನ್ರಿ ಬಂದು ಹಿಂದಿನ ಸೀಟಿನಲ್ಲಿ ಕೂತ. ಅಣ್ಣ ದೂರ, ನೀನು ಹತ್ತಿರ, ಮೂರು ದಿನ ಸಾಕು. ಥೂ ಅಂತ ಉಗಿದು ಬೈಕಿನ ವೇಗ ಹೆಚ್ಚಿಸಿದ. ರಸ್ತೆಯ ಎಡಕ್ಕೆ ಹಸಿರು ಪಂಚೆಯ ಪಾದಯಾತ್ರಿಗಳು ಸಾಲು ಸಾಲು. ಒಂದೊಂದು ಮುಖವನ್ನೂ ನೋಡುತ್ತಾ ಹೋದ. ವತ್ತಲಗುಂಡಿನಲ್ಲಿ ಟೀ ಹೇಳಿ, ಅರ್ಧವನ್ನೂ ಕುಡಿಯದೆ ಮತ್ತೆ ಹೊರಟ. ಅಣ್ಣ ಸಿಗಲಿ ಅಂತ ಮನಸ್ಸು ಒಂದು ಮೈಲಿ ಬೇಡಿದರೆ, ಸಿಗದಿರಲಿ ಅಂತ ಇನ್ನೊಂದು ಮೈಲಿ ಬೇಡುತ್ತಿತ್ತು.

ಸೆಂಪಟ್ಟಿಯಲ್ಲಿ ಸಿಕ್ಕಿಬಿಟ್ಟ. ಯಾತ್ರಿಗಳಿಗೆ ಮಜ್ಜಿಗೆ ಕೊಡುವ ಚಪ್ಪರದ ಪಕ್ಕ, ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಪಾದ ತೊಡೆಯ ಮೇಲಿಟ್ಟುಕೊಂಡು ಒಡೆದ ಬೊಕ್ಕೆಗೆ ವಿಭೂತಿ ಮೆತ್ತುತ್ತಿದ್ದ. ಐವತ್ತು ವರ್ಷದ ಗಂಡಸು, ಶಾಲೆಗೆ ಹೋಗುವ ಮಗುವಿನ ಹಾಗೆ ತುಟಿ ಬಿಗಿದುಕೊಂಡು ನೋವು ತಡೆಯುತ್ತಿದ್ದ. ಮೂವತ್ತಡಿ ಅಷ್ಟೇ. ವಿಘ್ನೇಶ್ವರನ್ ಕಾಲು ಊರಿ ನಿಂತ. ಹೆಲ್ಮೆಟ್ ತೆಗೆಯಲು ಕೈ ಎತ್ತಿದ. ಅಷ್ಟರಲ್ಲಿ ಟೊಮೆಟೊ ಕ್ರೇಟು ಹೇರಿಕೊಂಡ ಲಾರಿಯೊಂದು ಇಬ್ಬರ ನಡುವೆ ಬಂತು. ಅದು ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ದಾಟುವಷ್ಟರಲ್ಲಿ ಅವನ ಕೈ ಹೆಲ್ಮೆಟ್ ಬಿಟ್ಟು ಹ್ಯಾಂಡಲ್ ತಿರುಗಿಸಿಯಾಗಿತ್ತು. ಬಂದ ದಾರಿಯಲ್ಲೇ ಹೊರಟ. ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಲ್ಲುತ್ತಿದ್ದ.

"ಹತ್ತು ಛತ್ರ ಹುಡುಕಿದೆ ಮಾಮ. ಸಿಗಲಿಲ್ಲ" ಅಂದ ಊರಿಗೆ ಬಂದು. ಯಾರೂ ಅನುಮಾನ ಪಡಲಿಲ್ಲ. ಅವ್ವ ಅವನ ಕೆಂಪಾದ ಕಣ್ಣು ನೋಡಿ ತನ್ನ ಸೆರಗಿನಿಂದ ಒರೆಸಿದಳು. ಸಂಜೆ ಅಪ್ಪನ ಚಿತೆಗೆ ಅವನೇ ಕೊಳ್ಳಿ ಇಟ್ಟ.

ಮೂರನೆಯ ದಿನ ಬೂದಿಗೆ ಹಾಲು ಬಿಟ್ಟು ಬಂದಮೇಲೆ, ದೊಡ್ಡಿಯ ಮುಂದೆ ಊರು ಸೇರಿ ಕೋಲು ಕೊಟ್ಟರು. ಹಿಡಿದುಕೊಂಡು ಬೀದಿಯಲ್ಲಿ ನಡೆದ. ಜಗಲಿಯ ಮುದುಕರು ಎದ್ದು ನಿಂತರು. ಮೂವತ್ತು ನಾಲ್ಕು ವರ್ಷ ಕಾದ ಗಳಿಗೆ ಅದು. ಆದರೆ ಬೇಗ ಮನೆ ಮುಟ್ಟಿದರೆ ಸಾಕು ಅನ್ನಿಸುತ್ತಿತ್ತು. ಮನೆಗೆ ಬಂದರೆ ಅಲ್ಲೂ ಕೂರಲಾಗಲಿಲ್ಲ. ಕೋಲನ್ನು ಗೋಡೆಗೆ ಆನಿಸಿದ, ಮಂಚದ ಮೇಲಿಟ್ಟ, ಮತ್ತೆ ಎತ್ತಿಕೊಂಡ. ಎಲ್ಲಿಟ್ಟರೂ ಅದು ಬೇರೆಯವರ ಸಾಮಾನಿನ ಹಾಗೆ ಕಾಣುತ್ತಿತ್ತು. ಹೊರಗೆ ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಎದ್ದು ಬಾಗಿಲ ಸಂದಿಯಿಂದ ಇಣುಕುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಹೊಸ ಪಟ್ಟಗಾರನ ಕೈಯಲ್ಲಿ ಮಂದೆ ಮೊದಲ ಸಲ ಮೇಯಲು ಹೊರಡಬೇಕು. ಊರೆಲ್ಲ ದೊಡ್ಡಿಯ ಹತ್ತಿರ ನಿಂತಿತ್ತು. ಆಗ ಮುತ್ತುಕುಮಾರ್ ಬಂದ. ತಲೆ ಬೋಳಿಸಿದ್ದ, ಒದ್ದೆ ಪಂಚೆಯಲ್ಲಿದ್ದ. ಊರ ಬಾಯಲ್ಲಿನ ಕಾಲುವೆಯಲ್ಲಿ ಮುಳುಗಿ ಬಂದಿದ್ದ. ನೇರವಾಗಿ ಅವ್ವನ ಹತ್ತಿರ ಹೋಗಿ ಅವಳ ಬರಿಗತ್ತು ನೋಡಿ, ಕಾಲ ಬಳಿ ಕುಸಿದು ಕೂತ. ಇಬ್ಬರೂ ಅತ್ತರು. ಸ್ವಲ್ಪ ಹೊತ್ತಾದ ಮೇಲೆ, "ಕೊಳ್ಳಿ ತಂಬಿ ಇಟ್ಟನಾ?" ಅಂತ ತಮ್ಮನ ಕಡೆ ನೋಡಿ ಕೇಳಿದ.

"ಅವನೇ ಇಟ್ಟ ಕಣಪ್ಪ. ಏನ್ ಮಾಡೋದು? ನಿನ್ನ ಹುಡುಕ್ಕೊಂಡು ಬೈಕಲ್ಲಿ ಅಲೆದ. ನೀ ಸಿಗಲಿಲ್ಲ" ಅಂದರು ತಂಗವೇಲ್ ಗೌಡರು.

ಮುತ್ತುಕುಮಾರ್ ತಲೆ ಎತ್ತಿದ. "ಯಾಕೆ ಸಿಗಲಿಲ್ಲ? ಸೆಂಪಟ್ಟೀಲಿ ಸಿಕ್ಕಿದ್ನಲ್ಲ."

ವಿಘ್ನೇಶ್ವರನ್ ಕೋಲನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನನ್ನ ಬೈಕಿನ ಸದ್ದು ನಂಗೆ ತಿಳೀದಾ ಮಾಮ? ತಲೆ ಎತ್ತಿದ್ರೆ ಇವನು ನಿಂತವನೆ. ನನ್ನ ನೋಡ್ದ, ಮಾತಾಡ್ದೆ ತಿರುಗಿಸ್ಕೊಂಡು ಹೋದ. ಅಪ್ಪ ಹೋದ ಅಂತ ಆಗಲೇ ತಿಳೀತು." ಅಣ್ಣ ಊರವರ ಕಡೆ ತಿರುಗಿದ. "ಬಾಯಲ್ಲಿ ಹೇಳಿದ್ರೆ ನನ್ನ ಕಿವಿಗೆ ಸೂತಕ ಬೀಳ್ತಿತ್ತು. ಮಾಲೆ ತೆಗೀಬೇಕಿತ್ತು. ಮೂರು ವರ್ಷದ ಹರಕೆ ಮಲೆ ಹತ್ತೋಕೆ ಮುಂಚೇನೇ ಕೆಡ್ತಿತ್ತು. ಅದ್ಕೇ ಹೇಳಿಲ್ಲ ಇವನು. ಅಪ್ಪನ ಹೆಣ ಮನೇಲಿ ಮಡಗಿಕೊಂಡು, ಅಷ್ಟು ದೂರ ಬಂದು, ನನ್ನ ವ್ರತ ನೆನೆಸ್ಕೊಂಡು ಹಿಂದಕ್ಕೆ ಹೋದ. ಯಾವ ಒಡಹುಟ್ಟಿದವ ಮಾಡ್ತಾನೆ ಇದನ್ನ?"

ತಂಗವೇಲ್ ಗೌಡರ ಹುಬ್ಬು ಗಂಟಾಯಿತು. "ಏನ್ ತಂಬಿ, ಸಿಗಲಿಲ್ಲ ಅಂದೆಯಲ್ಲ?"

ಅವನು ಬಾಯಿ ತೆರೆಯುವ ಮೊದಲೇ ಅಣ್ಣ ಅಡ್ಡ ಬಂದ. "ಸಿಕ್ಕಿದ ಅಂದ್ರೆ ನೀವು ಸುಮ್ನೆ ಇರ್ತಿದ್ರಾ? ಇನ್ನೊಬ್ಬನ್ನ ಓಡಿಸ್ತಿದ್ರಿ. ನಿಮ್ಮ ಹತ್ರಾನೂ ಮುಚ್ಚಿಟ್ಟ. ಅಷ್ಟೂ ತಿಳೀದಾ?"

ಜನ ಪಿಸುಗುಟ್ಟಿದರು, ತಲೆದೂಗಿದರು. ಅವ್ವ ಚಿಕ್ಕ ಮಗನ ಕೆನ್ನೆ ಸವರಿದಳು. ಅಣ್ಣ ನಿಜವೆಂದೇ ನಂಬಿ ತನ್ನ ಕೈಯಾರೆ ಹೆಣೆದ ಈ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ, ಇವನು ಅದರ ಮೇಲೆ ಕಾಲು ಚಾಚಿ ಮಲಗಬಹುದಿತ್ತು. ಅವನಿಗೆ ತಡೆಯಲಾಗಲಿಲ್ಲ. ಕೋಲನ್ನು ಅಣ್ಣನ ಕಡೆ ಚಾಚಿ, "ಇದು ನಿಂದು, ತಗೋ" ಅಂದ.

"ನೀನೇ ಮಡಿಕ್ಕೋ. ಅಂಥಾ ಹೊತ್ತಲ್ಲಿ ಅಣ್ಣನ್ನ ನೆನೆದವನು ಮಂದೆ ಕಾಯಲ್ವಾ?" ಮುತ್ತುಕುಮಾರ್ ಎರಡೂ ಕೈಯಿಂದ ಕೋಲನ್ನು ಹಿಂದಕ್ಕೆ ಒತ್ತಿದ. "ಅಪ್ಪನ ಮುಖ ನೋಡಿಲ್ಲ ಅಂತ ಹೊಟ್ಟೆ ಉರೀತದೆ ತಂಬಿ. ನೀ ಮಾಡಿದ್ದು ನೆನೆದ್ರೆ ಆರ್ತದೆ."

ಇನ್ನು ನಿಜ ಹೇಳಿದರೆ ಕೋಲು ಕೊಡಬಹುದು, ಆದರೆ ಅಣ್ಣನ ಉರಿ ಆರುವುದಿಲ್ಲ. ಹೇಳದಿದ್ದರೆ ಕೋಲು ತನ್ನಲ್ಲೇ ಉಳಿಯುತ್ತದೆ. ವಿಘ್ನೇಶ್ವರನ್ ಬುದ್ಧಿವಂತ ಅಲ್ಲವೇ, ಅರ್ಧ ನಿಜ ಹೇಳಿ ಕೋಲನ್ನೂ ಕೊಡೋಣ, ಅಣ್ಣನ ಸಮಾಧಾನವನ್ನೂ ಉಳಿಸೋಣ ಅಂದುಕೊಂಡ.

"ಅಪ್ಪ ಸುಮ್ನೆ ಹೋಗಲಿಲ್ಲಣ್ಣ" ಅಂದ. "ಪೆರಿಯವ ಬರ್ಲಿ, ಕೋಲು ಅವನ ಕೈಗೆ ಕೊಡು ಅಂದ್ರು. ನನಗೇ ಹೇಳಿದ್ರು. ನಾನು ಯಾರಿಗೂ ಹೇಳಲಿಲ್ಲ."

ಕೆನ್ನೆಯ ಮೇಲಿದ್ದ ಅವ್ವನ ಕೈ ಕೆಳಗಿಳಿಯಿತು.

ಮುತ್ತುಕುಮಾರ್ ತಮ್ಮನನ್ನೇ ನೋಡುತ್ತಾ ನಿಂತ. ಅವನು ಓದಿದವನಲ್ಲ, ಆದರೆ ಹಸು ಯಾವ ಕಾಲಿಗೆ ನೋವಾಗಿ ಕುಂಟುತ್ತಿದೆ ಅಂತ ದೂರದಿಂದಲೇ ಹೇಳಬಲ್ಲವನು. ಅಪ್ಪನ ಮಾತು ಮುಚ್ಚಿಟ್ಟವನು ಸೆಂಪಟ್ಟಿಯಲ್ಲಿ ಯಾಕೆ ತಿರುಗಿದ ಅನ್ನುವ ಅರಿವು ಅಣ್ಣನ ಮುಖದ ಮೇಲೆ ಮೆಲ್ಲಗೆ ಬರುತ್ತಿದ್ದದ್ದನ್ನು ವಿಘ್ನೇಶ್ವರನ್ ಕಣ್ಣಾರೆ ಕಂಡ. ಅಷ್ಟು ಭಯ ಅವನಿಗೆ ಅಪ್ಪನ ಹೆಣದ ಮುಂದೆಯೂ ಆಗಿರಲಿಲ್ಲ.

ಅಣ್ಣ ಹತ್ತಿರ ಬಂದ. ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ. "ಸೆಂಪಟ್ಟೀಲಿ ನೀ ತಿರುಗಿದ್ದು ನನ್ನ ವ್ರತಕ್ಕೇ ತಾನೆ?"

ವಿಘ್ನೇಶ್ವರನ್ ಅಣ್ಣನ ಬೊಕ್ಕೆಯೆದ್ದ ಪಾದ ನೋಡಿದ.

"ಹೌದು ಅನ್ನು ತಂಬಿ." ಅಣ್ಣ ಅವನ ಭುಜ ಹಿಡಿದ. "ನಾನು ಅಪ್ಪನ ಮುಖ ನೋಡಿಲ್ಲ. ಹೌದು ಅಂದ್ಬಿಡು."

"ಹೌದಣ್ಣ."

"ಸರಿ" ಅಂದ ಮುತ್ತುಕುಮಾರ್. ಅವನು ನಂಬಲಿಲ್ಲ. ನಂಬಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ತಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಲು ತೆಗೆದುಕೊಂಡ, ಬೊಕ್ಕೆಯ ಕಾಲನ್ನು ಎಳೆದುಕೊಂಡು ಹೋಗಿ ದೊಡ್ಡಿಯ ಅಗುಳಿ ಸರಿಸಿದ. ಹಸುಗಳು ಹೊರಗೆ ಬರತೊಡಗಿದವು. ಅವಕ್ಕೆ ದಾರಿ ಬಿಡಲು ಜನರೆಲ್ಲ ಪಕ್ಕಕ್ಕೆ ಸರಿದರು, ವಿಘ್ನೇಶ್ವರನೂ ಸರಿದ.