ಸುಳ್ಳು ಗೊರಕೆ

ನನಗೆ ಗೊರಕೆಯ ಅಭ್ಯಾಸವಿಲ್ಲ. ಹೆಂಡತಿ ಇದ್ದಾಗ ಅವಳೇ ಹೇಳುತ್ತಿದ್ದಳು, "ನೀವು ಮಲಗಿದ್ರೆ ಮನೇಲಿ ಗಂಡಸು ಇದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದು. ಅಂಥ ನಾನು ಎಪ್ಪತ್ತೊಂದನೇ ವಯಸ್ಸಿನಲ್ಲಿ ಗೊರಕೆ ಹೊಡೆಯುವುದನ್ನು ಕಲಿತೆ. ಕಲಿತದ್ದು ಸೊಸೆಗಾಗಿ.

ಸೊಸೆ ನರ್ಸು. ನಾನು ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದ ಆಸ್ಪತ್ರೆಯಲ್ಲೇ ಅವಳಿಗೂ ಕೆಲಸ. ಕೊರೊನಾ ಕಾಲದಲ್ಲಿ ಅವಳನ್ನು ಉಸಿರು ಸಿಗದ ರೋಗಿಗಳ ವಾರ್ಡಿಗೆ ಹಾಕಿದ್ದರು. ಈಗ ಹೊರಗಿನ ರೋಗಿಗಳಿಗೆ ಬಿ.ಪಿ. ನೋಡುವ ಕೋಣೆಯಲ್ಲಿದ್ದಾಳೆ, ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ವಾಪಸ್ಸು. ಆ ಕಾಯಿಲೆ ತೊಲಗಿ ನಾಲ್ಕು ವರ್ಷವಾಯಿತು ಅನ್ನುತ್ತಾರೆ. ನಮ್ಮ ಮನೆಯಿಂದ ಅದು ಪೂರ್ತಿ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡುವ ಹಾಗಿರಲಿಲ್ಲ.

ಮಲಗಲು ಅಡ್ಡಿಯಿಲ್ಲ. ಕಣ್ಣು ಹತ್ತಿ ಹತ್ತು ನಿಮಿಷವಾಗುವಷ್ಟರಲ್ಲಿ ಅವಳು ಬಂದು ಬೆನ್ನ ಮೇಲೆ ಅಂಗೈ ಇಡುತ್ತಿದ್ದಳು. ಇಟ್ಟು ಉಸಿರು ಎಣಿಸುತ್ತಿದ್ದಳು. ಎಣಿಸಿದ ಮೇಲೂ ನಂಬಿಕೆ ಬರದೆ "ಮಾವಾ, ಮಾವಾ" ಎಂದು ಅಲುಗಿಸುತ್ತಿದ್ದಳು. ನಾನು ಕಣ್ಣು ಬಿಟ್ಟರೆ, "ಏನಿಲ್ಲ, ಟೀ ಕುಡೀತೀರಾ ಅಂತ ಕೇಳಕ್ಕೆ ಬಂದೆ" ಅನ್ನುವಳು. ಹಾಗೆ ಒಂದೇ ಮಧ್ಯಾಹ್ನ ಮೂರು ಸಲ ಟೀ ಕುಡಿದದ್ದುಂಟು.

ನನ್ನ ಮಗ ಸಿಟಿ ಬಸ್ಸಿನ ಡ್ರೈವರು. ಅವನು ಡಿಪೋದಲ್ಲಿ ಬಸ್ಸಿನ ಹಿಂದಿನ ಸೀಟಿನ ಮೇಲೆ ಕಾಲು ಚಾಚಿ ಎರಡು ಗಂಟೆ ಮಲಗಿಯೇ ಮನೆಗೆ ಬರುತ್ತಿದ್ದ. "ನಮ್ಮ ಬಸ್ಸೇ ವಾಸಿ ಅಪ್ಪ. ಲಾಸ್ಟ್ ಸ್ಟಾಪ್ ಬರೋವರೆಗೆ ಯಾರೂ ಎಬ್ಬಿಸಲ್ಲ" ಎಂದು ನಗುತ್ತಿದ್ದ. ನಕ್ಕ ಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದ. ಆಸ್ಪತ್ರೆಯಲ್ಲೇ ಮನಸ್ಸಿನ ಡಾಕ್ಟರೊಬ್ಬರು ಇದ್ದಾರೆ, ಹೋಗಿ ಮಾತಾಡು ಎಂದು ಅವನು ಹೇಳಿ ನೋಡಿದ್ದ. "ನಾನು ಅಲ್ಲಿ ಹೋಗಿ ಕೂತ್ರೆ ಬಿ.ಪಿ. ನಿಮ್ಮಪ್ಪ ನೋಡ್ತಾರಾ?" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಇನ್ನು ಗೊರಕೆಯ ವಿಷಯ. ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಊಟ ಮಾಡಿ ಅವರು ಮಲಗಿದರೆ ನಮ್ಮ ಸೂರಿನ ಫ್ಯಾನು ಕೂಡ ನಾಚಿಕೊಳ್ಳುತ್ತದೆ, ಅಂಥ ಗೊರಕೆ. ಒಂದು ಮಧ್ಯಾಹ್ನ ಅದನ್ನು ಕೇಳುತ್ತ ಮಲಗಿದ್ದಾಗ ನನಗೆ ಹೊಳೆಯಿತು. ಗೊರಕೆ ಹೊಡೆಯುವವನನ್ನು ಯಾರು ತಾನೇ ಬದುಕಿದ್ದಾನೋ ಎಂದು ಮುಟ್ಟಿ ನೋಡುತ್ತಾರೆ? ಮೇಷ್ಟ್ರದು ಮೊದಲು ನಿಧಾನ ಏರು, ಆಮೇಲೆ ಒಂದು ತಡೆ, ಕೊನೆಗೆ ಸೀಟಿ. ಅದನ್ನೇ ಬಾಯಿಪಾಠ ಮಾಡಿದೆ. ಮೂರನೇ ತರಗತಿಗೇ ಶಾಲೆಗೆ ಕೈ ಮುಗಿದ ನಾನು ಒಬ್ಬ ಮೇಷ್ಟ್ರಿಂದ ಪೂರ್ತಿ ಕಲಿತ ಪಾಠ ಇದೊಂದೇ.

ಕಲಿತದ್ದು ಫಲ ಕೊಟ್ಟಿತು. ನಾನು ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದರೆ ಅಡುಗೆಮನೆಯಲ್ಲಿ ಅವಳ ಹೆಜ್ಜೆಯ ಸದ್ದೇ ಬದಲಾಗುತ್ತಿತ್ತು. ಪಾತ್ರೆ ಮೆಲ್ಲಗೆ ಇಡುತ್ತಿದ್ದಳು. ಒಂದೊಂದು ದಿನ ಮಣೆ ಹಾಕಿಕೊಂಡು ಕೂತು ತರಕಾರಿ ಹೆಚ್ಚುವುದೂ ಕೇಳುತ್ತಿತ್ತು. ಅಷ್ಟು ಹೊತ್ತು ಅವಳು ಕೂತಳಲ್ಲ ಎಂದು ನಾನು ಗಂಟಲು ಒಣಗುವವರೆಗೂ ಎಳೆಯುತ್ತಿದ್ದೆ. ನಿದ್ದೆ ಹೋದರೆ ಹೋಗಲಿ, ಮುದುಕನಿಗೆ ಎಷ್ಟು ಬೇಕು.

ಆದರೆ ಮೊಮ್ಮಗಳು ಗೊರಕೆ ಹೊಡೆಯುವುದು ಹೇಗೆ? ಅವಳಿಗೆ ಹತ್ತು ವರ್ಷ, ನಾವು ಗುಬ್ಬಿ ಅನ್ನುತ್ತೇವೆ. ಬೋರಲು ಮಲಗಿ ಮುಖ ದಿಂಬಿನಲ್ಲಿ ಹೂತುಬಿಟ್ಟರೆ ಕಲ್ಲಿನ ಹಾಗೆ ನಿದ್ದೆ. ಮಗು ಹಾಗೆ ಬೋರಲು ಮಲಗಿದ್ದನ್ನು ಕಂಡರೆ ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳು. ರಾತ್ರಿಯಲ್ಲಿ ನಾಲ್ಕೈದು ಸಲ ಎಬ್ಬಿಸುತ್ತಿದ್ದಳು. ಮಗು ತರಗತಿಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತದೆ ಎಂದು ಶಾಲೆಯಿಂದ ಎರಡು ಸಲ ಚೀಟಿ ಬಂತು. ಕೊನೆಗೆ ಒಂದು ದಿನ ಗುಬ್ಬಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ತಾತ, ನಾನು ಅತ್ತೆ ಮನೇಲಿ ಇರ್ಲಾ?"

ಅತ್ತೆಯೆಂದರೆ ನನ್ನ ಮಗಳು, ಊರಿನ ಆ ಕಡೆ ಇದ್ದಾಳೆ.

"ಯಾಕೋ ಗುಬ್ಬೀ?"

"ಅಲ್ಲಿ ಮಲಗಿದ್ರೆ ನೇರ ಬೆಳಗಾಗತ್ತೆ."

ಅದನ್ನೇ ಅವಳು ಅಮ್ಮನಿಗೂ ಹೇಳಿದಳು. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಯೂನಿಫಾರಂ ಇಸ್ತ್ರಿ ಮಾಡಿ, ಪುಸ್ತಕ ಜೋಡಿಸಿ, ಮಗುವಿನ ಪುಟ್ಟ ದಿಂಬನ್ನೂ ಬ್ಯಾಗಿಗೆ ತುರುಕಿ ಜಿಪ್ಪು ಎಳೆದಳು. "ಹೋಗ್ಲಿ ಮಾವ. ಅಲ್ಲಿ ನಿದ್ದೆ ಆದ್ರೂ ಮಾಡ್ತಾಳೆ" ಎಂದಳು. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ. ಹಾಗೆ ಹೋದ ಮಗು ಅಲ್ಲೇ ಒಗ್ಗಿಕೊಂಡರೆ, ತಾನೇ ಮಗುವನ್ನು ಮನೆಯಿಂದ ಓಡಿಸಿದೆ ಎಂದು ಈ ಹೆಣ್ಣು ಇನ್ನೊಂದು ಭಾರ ಹೊರುತ್ತಾಳೆ ಎಂಬುದಷ್ಟೇ ನನ್ನ ಚಿಂತೆ. ಭಾನುವಾರ ಸಂಜೆ ಐದಕ್ಕೆ ಮಗ ಡ್ಯೂಟಿ ಮುಗಿಸಿ ಬಂದು ಕರೆದುಕೊಂಡು ಹೋಗುವುದು ಎಂದಾಯಿತು.

ಆ ಭಾನುವಾರ ಊಟವಾದ ಮೇಲೆ ಗುಬ್ಬಿ ನಡುಮನೆಯ ಮಂಚದ ಮೇಲೆ ಬೋರಲು ಬಿದ್ದು ನಿದ್ದೆ ಹೋದಳು. ಬ್ಯಾಗು ಬಾಗಿಲ ಹತ್ತಿರ ಕೂತಿತ್ತು. ಸೊಸೆ ಒಣಗಿದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮಂಚದ ಹತ್ತಿರ ನಿಂತಳು. ಒಂದು ಸಲ ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು, ಮತ್ತೆ ಚಾಚಿದಳು. ಎದುರಿನ ನನ್ನ ಮಂಚದಲ್ಲಿ ಮಲಗಿ ನಾನು ಅರೆಗಣ್ಣಲ್ಲಿ ನೋಡುತ್ತಿದ್ದೆ. ಬೇರೇನೂ ತೋಚದೆ ಗೊರಕೆ ಶುರುಮಾಡಿದೆ.

"ಮಾವ, ಸಾಕು ಮಾಡಿ" ಎಂದಳು. "ಅದು ಮೇಲಿನ ಮನೆ ಮೇಷ್ಟ್ರ ಗೊರಕೆ."

ನಾನು ಎದ್ದು ಕೂತೆ. ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. "ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಉಸಿರು ಕೇಳೋದೇ ಕಸುಬು ಮಾಡಿಕೊಂಡೋಳು ನಾನು. ನಿದ್ದೆಲಿರೋರು ಯಾರಾದ್ರೂ ಗೊರಕೆ ಮಧ್ಯೆ ನಿಲ್ಲಿಸಿ, 'ಬಾಗಿಲಲ್ಲಿ ಯಾರಮ್ಮ' ಅಂತ ಕೇಳ್ತಾರಾ?"

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಗೊರಕೆ ಸುಳ್ಳಾದ್ರೂ ಹೊಡೆಯೋರು ಬದುಕಿರಲೇಬೇಕಲ್ಲ ಮಾವ."

ಇಬ್ಬರಿಗೂ ನಗು ಬಂತು. ಮಗು ಏಳದಿರಲಿ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ನಗು ಮುಗಿದ ಮೇಲೆ ಅವಳ ಮುಖ ಹಾಗೇ ಖಾಲಿಯಾಗಿ ಉಳಿಯಿತು. ನಾನು ಬುಟ್ಟಿಯಿಂದ ಒಂದು ಬೆಡ್‌ಶೀಟು ಎತ್ತಿ ಎರಡು ಮೂಲೆ ಅವಳ ಕೈಗೆ ಕೊಟ್ಟೆ. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ನಮ್ಮ ವಿಭಾಗದಲ್ಲಿ ಎದುರುಬದುರು ನಿಂತು ಮಡಿಸುವಾಗಲೇ ಜನ ಮನಸ್ಸಿನದ್ದು ಹೇಳಿಕೊಳ್ಳುತ್ತಿದ್ದರು, ಕೈಗೆ ಕೆಲಸವಿರುತ್ತದೆ, ಕಣ್ಣು ಬಟ್ಟೆಯ ಮೇಲಿರುತ್ತದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಆಗ ಕೇಳಿದೆ.

"ಅಲ್ಲಿ ಏನಾಯ್ತಮ್ಮ?"

ಅವಳು ಮೂಲೆಗೆ ಮೂಲೆ ಕೂಡಿಸಿದಳು. ಮತ್ತೊಂದು ಮಡಿಕೆ ಹಾಕಿದಳು.

"ಏಳನೇ ಬೆಡ್ಡಲ್ಲಿ ಒಬ್ರು ಗಾರೆ ಮೇಸ್ತ್ರಿ ಇದ್ರು" ಎಂದಳು ಕೊನೆಗೆ. "ಮುಖಕ್ಕೆ ಮಾಸ್ಕು ಬಿಗಿದು ನಾಲ್ಕು ದಿನ ಕಣ್ಣು ಮುಚ್ಚಿರಲಿಲ್ಲ ಅವರು. ನನ್ನ ಕೈ ಹಿಡ್ಕೊಂಡು, 'ಸಿಸ್ಟರ್, ಒಂದು ನಿದ್ದೆ ಕೊಡಿ ಸಾಕು' ಅನ್ನೋರು. ಒಂದಿನ ಉಸಿರಾಟ ಸಲೀಸಾಗಲಿ ಅಂತ ಬೋರಲು ಮಲಗಿಸಿದ್ವಿ, ಕಣ್ಣು ಹತ್ತಿತು. ಹೊಸ ಹುಡುಗಿ ಒಬ್ಳು ಅವರನ್ನ ಎಬ್ಬಿಸಿ ನೋಡ್ತೀನಿ ಅಂತ ಹೋದ್ಲು. ನಾನೇ ತಡೆದೆ. 'ಮಲಗಲಿ ಬಿಡು, ಪಾಪ' ಅಂದೆ. ಅರ್ಧ ಗಂಟೆ ಬಿಟ್ಟು ಹೋಗಿ ಬೆನ್ನ ಮೇಲೆ ಕೈ ಇಟ್ರೆ... ಬೆನ್ನು ಏಳ್ತಿರಲಿಲ್ಲ."

ಬೆಡ್‌ಶೀಟು ನಮ್ಮಿಬ್ಬರ ನಡುವೆ ಜೋತುಬಿತ್ತು.

"ಡಾಕ್ಟ್ರು ಏನಂದ್ರು?"

"ಎಬ್ಬಿಸಿದ್ರೂ ಅದೇ ಆಗ್ತಿತ್ತು ಅಂದ್ರು. ಎಲ್ಲಾರೂ ಅದೇ ಅಂದ್ರು."

"ಆಮೇಲೆ?"

"ಆಮೇಲೆ ಅಲ್ಲೇ ನಾನೂ ಬಿದ್ದೆ. ಆ ದಪ್ಪ ಉಡುಪಿನೊಳಗೆ ನನಗೂ ಜ್ವರ ಕಾಯ್ತಿತ್ತು, ಗೊತ್ತಾಗಿರಲಿಲ್ಲ. ಹೊರಗೆ ಎತ್ಕೊಂಡು ಹೋದ್ರಂತೆ. ವಾಸಿಯಾಗಿ ಹೋಗೋ ಹೊತ್ತಿಗೆ ಬೇರೆ ಕಡೆ ಹಾಕಿದ್ರು. ಮತ್ತೆ ಆ ವಾರ್ಡಿಗೆ ಕಾಲಿಡಲಿಲ್ಲ."

"ಹಾಗಾದ್ರೆ ಅವತ್ತು ವಾರ್ಡು ಯಾರಿಗೆ ಒಪ್ಪಿಸಿದೆ?"

ಬೇರೆ ಯಾರಾದರೂ ಈ ಪ್ರಶ್ನೆ ಕೇಳುತ್ತಿದ್ದರೋ ಇಲ್ಲವೋ. ನಾನು ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದಾಗಲೆಲ್ಲ ಈ ಒಪ್ಪಿಸುವ ಕೆಲಸ ಮುಗಿಯಲೆಂದು ಬಾಗಿಲಲ್ಲಿ ಕಾಯುತ್ತಿದ್ದವನು. ಪಾಳಿ ಬದಲಾಗುವಾಗ ಹೋಗುವ ನರ್ಸು, ಬರುವ ನರ್ಸು ಇಬ್ಬರೂ ಒಂದೊಂದೇ ಬೆಡ್ಡಿನ ಮುಂದೆ ನಿಲ್ಲಬೇಕು. ಇವರಿಗೆ ಹೀಗಿದೆ, ಇಂಥದ್ದು ಕೊಟ್ಟಿದೆ, ಇದನ್ನು ನೋಡಿಕೊ ಎಂದು ಹೇಳಬೇಕು. ಕೊನೆಯ ಬೆಡ್ಡಾದ ಮೇಲೆ ಬಂದವಳು, "ಸರಿ, ನಾನು ನೋಡ್ಕೊತೀನಿ, ನೀನು ಹೊರಡು" ಅನ್ನಬೇಕು. ಆ ಮಾತು ಕೇಳದೆ ಯಾವ ನರ್ಸೂ ಚಪ್ಪಲಿ ಬದಲಿಸಿದ್ದನ್ನು ನಾನು ಕಂಡಿಲ್ಲ.

"ಒಪ್ಪಿಸಲಿಲ್ಲ ಮಾವ" ಎಂದಳು. ಅದು ಅವಳಿಗೂ ಆಗಷ್ಟೇ ಗೊತ್ತಾದ ಹಾಗಿತ್ತು.

"ನನಗೆ ಒಪ್ಪಿಸು."

"ಬಟ್ಟೆ ಒಗೆಯೋ ನಿಮಗೆ ಒಪ್ಪಿಸಲಾ?"

"ಯಾಕೆ, ಬೆಡ್ಡು ಎಷ್ಟು ಅಂತ ನನಗೆ ಗೊತ್ತಿಲ್ವಾ? ಮೂವತ್ತೆರಡು ವರ್ಷ ಆ ವಾರ್ಡಿಗೆ ಹನ್ನೆರಡು ಬೆಡ್‌ಶೀಟು ಎಣಿಸಿ ಕೊಟ್ಟಿದೀನಿ. ಹೂಂ, ಒಂದು?"

ತಮಾಷೆಗೆ ಶುರುಮಾಡಿದೆನೋ ಏನೋ. ಅವಳು ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು, ಗೋಡೆ ನೋಡುತ್ತ ಹೇಳತೊಡಗಿದಳು. ಒಂದನೇ ಬೆಡ್ಡು, ಅಂಗಡಿಯವರು, ಊಟ ಸೇರುತ್ತಿದೆ. ಎರಡು, ಕಿವಿ ಕೇಳಿಸದ ಅಜ್ಜಿ, ಹಲ್ಲಿನ ಸೆಟ್ಟು ಡಬ್ಬಿಯಲ್ಲಿದೆ, ಮರೆಯಬೇಡಿ. ಮೂರು, ನಾಲ್ಕು ಗಂಡ ಹೆಂಡತಿ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿ, ಇಲ್ಲದಿದ್ದರೆ ಅವನು ಮಾಸ್ಕು ಕಿತ್ತು ಎದ್ದು ಬರುತ್ತಾನೆ. ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಒಂದು ಚೂರೂ ಅಳಿಸಿರಲಿಲ್ಲ. ನಾನು ಪ್ರತಿಯೊಂದಕ್ಕೂ ಹೂಂ ಅಂದೆ. ಆರಾಯಿತು.

ಅವಳು ಬೆಡ್‌ಶೀಟನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

"ಏಳು?" ಎಂದೆ.

"ಏಳು... ಮೇಸ್ತ್ರಿ. ನಾಲ್ಕು ದಿನದ ಮೇಲೆ ನಿದ್ದೆ ಬಂದಿದೆ. ನೋಡ್ಕೊಳ್ಳಿ."

"ನೋಡ್ಕೊತೀನಿ."

ಕಣ್ಣೀರು ಬೆಡ್‌ಶೀಟಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳದೆಯೇ ಎಂಟು ಎಂದಳು, ಒಂಬತ್ತು ಎಂದಳು, ಹನ್ನೆರಡಕ್ಕೆ ಮುಗಿಸಿದಳು.

"ಹದಿಮೂರು?"

"ಹದಿಮೂರು ಇಲ್ಲ ಮಾವ."

ನಾನು ಗುಬ್ಬಿಯ ಕಡೆ ಕತ್ತು ತಿರುಗಿಸಿದೆ. ಅವಳೂ ನೋಡಿದಳು.

"ಹದಿಮೂರು" ಎಂದಳು, "ಹತ್ತು ವರ್ಷದ ಹುಡುಗಿ. ಬೋರಲು ಮಲಗೋ ಅಭ್ಯಾಸ. ನಿದ್ದೇಲಿ ಕಾಲು ಝಾಡಿಸ್ತಾಳೆ, ಹತ್ತಿರ ಕೂರಬೇಡಿ. ಕಾಯಿಲೆ..." ತಡೆದು, ಇನ್ನೊಮ್ಮೆ ಮಗುವಿನ ಬೆನ್ನು ನೋಡಿ ಹೇಳಿದಳು, "ಕಾಯಿಲೆ ಏನೂ ಇಲ್ಲ."

"ಸರಿ. ನಾನು ನೋಡ್ಕೊತೀನಿ. ನೀನು ಹೊರಡು."

ಹೊರಡುವುದು ಎಲ್ಲಿಗೆ, ಎರಡೂವರೆ ಕೋಣೆಯ ಮನೆ. ಅವಳು ನಾಲ್ಕು ಹೆಜ್ಜೆ ಹಾಕಿ ನನ್ನ ಮಂಚದ ಮೇಲೆ ಕೂತಳು. ಆಮೇಲೆ ಹಾಗೇ ಪಕ್ಕಕ್ಕೆ ವಾಲಿದಳು.

ಆವತ್ತಿಗೇ ಎಲ್ಲ ವಾಸಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಒಮ್ಮೊಮ್ಮೆ ಬೆನ್ನ ಮೇಲೆ ಅಂಗೈ ಬಂದು ಕೂರುತ್ತದೆ. ಗುರುವಾರ ಗುರುವಾರ ಆ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಾಳೆ. ತೀರಾ ಭಯವಾದಾಗ ಮಾತ್ರ ನನ್ನ ಹತ್ತಿರ ಬಂದು, "ಒಪ್ಪಿಸಲಾ ಮಾವ?" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ಈ ವಯಸ್ಸಿನಲ್ಲಿ ನನಗೆ ಸಿಕ್ಕ ಬಡ್ತಿ ಅದು.

ಆ ಭಾನುವಾರ ಎರಡು ಮಂಚಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ಆ ಕಡೆ ಒಂದು ಬೆನ್ನು, ಈ ಕಡೆ ಒಂದು ಬೆನ್ನು. ಎರಡೂ ಏಳುತ್ತಿದ್ದವು, ಇಳಿಯುತ್ತಿದ್ದವು. ಒಪ್ಪಿಕೊಂಡ ಮೇಲೆ ಕೂತಲ್ಲೇ ತೂಕಡಿಸುವ ಹಾಗಿಲ್ಲ ನೋಡಿ, ಉಳಿದ ಬಟ್ಟೆಯನ್ನೆಲ್ಲ ಮೊಣಕಾಲ ಮೇಲೆ ಮಡಿಸಿಟ್ಟೆ. ನಾಲ್ಕು ಗಂಟೆಯಾಯಿತು. ನಾಲ್ಕೂವರೆಗೆ ಗುಬ್ಬಿ ತಾನಾಗಿಯೇ ಕಣ್ಣು ಬಿಟ್ಟಳು. ಯಾರೂ ಎಬ್ಬಿಸದೆ ಎದ್ದದ್ದಕ್ಕೋ ಏನೋ, ಗಾಬರಿಯಿಂದ ಸುತ್ತ ನೋಡಿದಳು. ಎದುರಿಗೆ ಅಮ್ಮ ಮಲಗಿದ್ದಳು. ಅಮ್ಮ ಮಲಗಿದ್ದನ್ನು ಆ ಮಗು ಬುದ್ಧಿ ಬಂದಾಗಿನಿಂದ ಕಂಡದ್ದು ಕಡಿಮೆ. ಮೆಲ್ಲಗೆ ಇಳಿದು ಬಂದು, ಮನೆಯಲ್ಲಿ ಕಲಿತದ್ದನ್ನೇ ಮಾಡಲು ಹೋದಳು. ಅಂಗೈ ಬಿಚ್ಚಿ ಅಮ್ಮನ ಬೆನ್ನಿನತ್ತ ಚಾಚಿದಳು.

ನಾನು ಅವಳ ಮಣಿಕಟ್ಟು ಹಿಡಿದೆ.

"ಮಲಗಲಿ ಬಿಡು" ಎಂದೆ.

ಹೇಳಿದ ಮೇಲೆ ಇದು ಯಾವ ಮಾತು ಎಂದು ನೆನಪಾಯಿತು. ನನ್ನ ಎದೆಯೂ ಒಮ್ಮೆ ಹಾರಿತು, ಸುಳ್ಳೇಕೆ ಹೇಳಲಿ. ಬಗ್ಗಿ ನೋಡಿದೆ. ಬೆನ್ನು ಏಳುತ್ತಿತ್ತು.

ಐದಕ್ಕೆ ಮಗ ಬಂದ. "ಬ್ಯಾಗು ರೆಡಿನಾ?" ಎಂದು ಬಾಯಿ ತೆರೆದವನು ಹೊಸಿಲಲ್ಲೇ ನಿಂತ. ಗುಬ್ಬಿ ತುಟಿಯ ಮೇಲೆ ಬೆರಳಿಟ್ಟುಕೊಂಡು, "ಶ್! ಅಮ್ಮ ಮಲಗಿದಾಳೆ. ಎದ್ದಮೇಲೆ ನೋಡಣ" ಎಂದಳು. ಅವನು ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಕಳಚಿದ ಬೂಟು ಕೈಯಲ್ಲೇ ಹಿಡಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಗುಬ್ಬಿ ಬ್ಯಾಗಿನ ಜಿಪ್ಪನ್ನು ಒಂದೊಂದೇ ಹಲ್ಲು ಎಣಿಸುವ ಹಾಗೆ ನಿಧಾನ ಎಳೆದು, ತನ್ನ ಪುಟ್ಟ ದಿಂಬನ್ನು ಹೊರಗೆ ತೆಗೆದಳು. ಅಮ್ಮನ ತಲೆಯ ಪಕ್ಕದಲ್ಲಿ ಅದನ್ನಿಟ್ಟು, ಅದರ ಮೇಲೆ ತಾನೂ ತಲೆಯಿಟ್ಟು ಬೋರಲು ಮಲಗಿದಳು.

ಅಷ್ಟರಲ್ಲಿ ಮೇಲಿನ ಮನೆಯ ಮೇಷ್ಟ್ರು ಶುರುಮಾಡಿದರು. ಅವರದು ಅಪ್ಪಟ ಗೊರಕೆ.